ಯಶವಂತಪುರ ಬರುವಷ್ಟರಲ್ಲಿ ಇನ್‌ಶರ್ಟ್ ಕಿತ್ತು ಬಂದಿರುತ್ತದೆ, ಏನು ಮಾಡಲಿ?

ಕ್ಯಾತ್ಸಂದ್ರ_ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವನು, ಕ್ಯಾತ್ಸಂದ್ರದ ಹತ್ತಿರ ಮನೆ. ಹೋದ ತಿಂಗಳು ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ದಿನಾ ಬೆಳಿಗ್ಗೆ ರೈಲು. ಆಫೀಸಿನಲ್ಲಿ ಫಾರ್ಮಲ್ಸ್ ಕಡ್ಡಾಯ. ಕನ್ನಡಿ ಮುಂದೆ ಹತ್ತು ನಿಮಿಷ ನಿಂತು ನೀಟಾಗಿ ಇನ್‌ಶರ್ಟ್ ಮಾಡಿಕೊಂಡೇ ಹೊರಡುತ್ತೇನೆ. ಸೀಟಂತೂ ಸಿಗುವುದಿಲ್ಲ, ಮೇಲಿನ ಕಂಬಿ ಹಿಡಿದು ನಿಲ್ಲಬೇಕು. ಯಶವಂತಪುರದಲ್ಲಿ ಇಳಿಯುವಷ್ಟರಲ್ಲಿ ಎರಡೂ ಪಕ್ಕ ಶರ್ಟು ಉಬ್ಬಿಕೊಂಡು, ಬೆನ್ನ ಹಿಂದೆ ಅರ್ಧ ಹೊರಗೆ ಬಂದಿರುತ್ತದೆ. ಬೆಲ್ಟು ಒಂದು ತೂತು ಬಿಗಿ ಮಾಡಿ ನೋಡಿದೆ. ಹೊಟ್ಟೆ ನೋವು ಬಂತು, ಶರ್ಟು ಮಾತ್ರ ನಿಲ್ಲಲಿಲ್ಲ.

ಮನೆಯಲ್ಲಿ ಕೇಳೋಣ ಅಂದರೆ ಗೊತ್ತಿರುವವರು ಇಲ್ಲ. ಅಪ್ಪ ತೋಟ ನೋಡಿಕೊಂಡು ಇರುವವರು, ಪಂಚೆ ಮೇಲೆ ಅಂಗಿ ಬಿಟ್ಟೇ ಅಭ್ಯಾಸ, ಮದುವೆಗೂ ಹಾಗೇ ಹೋಗುತ್ತಾರೆ. ಸ್ಕೂಲಿನಲ್ಲಿ ಯೂನಿಫಾರ್ಮ್ ಅಂಗಿ ಚಡ್ಡಿಗೆ ತುರುಕಿಕೊಂಡಿದ್ದಷ್ಟೇ ನನಗೆ ಗೊತ್ತು. ಮೊನ್ನೆ ಮೀಟಿಂಗಿಗೆ ಒಳಗೆ ಹೋಗುವ ಹೊತ್ತಿಗೆ ಸೀನಿಯರ್ ಒಬ್ಬರು ಎಲ್ಲರ ಎದುರಿಗೇ "ಮೊದಲು ಶರ್ಟ್ ಸರಿ ಮಾಡಿಕೊ" ಅಂದರು. ಹೇಳಿದ್ದು ತಪ್ಪಲ್ಲ, ಆದರೆ ಆ ದಿನವೆಲ್ಲ ಅದೇ ತಲೆಯಲ್ಲಿತ್ತು. ಎತ್ತರ 5 ಅಡಿ 8 ಇಂಚು, ಸಣ್ಣ ಮೈ. ಶರ್ಟುಗಳೆಲ್ಲ ರೆಡಿಮೇಡ್, 40 ಸೈಜ್. ದಯವಿಟ್ಟು ಗೊತ್ತಿದ್ದವರು ತಿಳಿಸಿ.

ತಿಪಟೂರು_ರೂಟ್

ತಮ್ಮಾ, ನಾನು ಮೆಡಿಕಲ್ ರೆಪ್. ಹನ್ನೊಂದು ವರ್ಷದಿಂದ ಗುಬ್ಬಿ, ನಿಟ್ಟೂರು, ಕೆ.ಬಿ. ಕ್ರಾಸ್, ತಿಪಟೂರು ಅಂತ ಬೈಕಲ್ಲೇ ಓಡಾಡುತ್ತಿದ್ದೇನೆ. ಗಾಳಿ ಬೆನ್ನಿಗೆ ತುಂಬಿಕೊಂಡು ಶರ್ಟು ಏಳುವುದು ನನಗೆ ಚೆನ್ನಾಗಿ ಗೊತ್ತು. ಮಿಲಿಟರಿಯವರು ಮಾಡುವ ಮಡಿಕೆ ಕಲಿತ ಮೇಲೆ ಡಾಕ್ಟರ ರೂಮಿನ ಹೊರಗೆ ನಿಂತು ಸರಿ ಮಾಡಿಕೊಳ್ಳುವುದು ತಪ್ಪಿತು.

ಶರ್ಟಿನ ಗುಂಡಿ ಎಲ್ಲಾ ಹಾಕಿಬಿಡು, ಕೆಳಗಿನ ಕೊನೇ ಗುಂಡಿಯನ್ನೂ ಬಿಡಬೇಡ. ಪ್ಯಾಂಟು ಸೊಂಟದವರೆಗೆ ಏರಿಸು, ಆದರೆ ಹುಕ್ಕು ಹಾಕಬೇಡ. ಕಾಲು ಸ್ವಲ್ಪ ಅಗಲಿಸಿ ನಿಂತರೆ ಪ್ಯಾಂಟು ಜಾರುವುದಿಲ್ಲ. ಶರ್ಟನ್ನು ಮುಂದೆ, ಹಿಂದೆ ಕೆಳಕ್ಕೆ ಎಳೆದುಕೋ. ಈಗ ಎರಡೂ ಪಕ್ಕ ಇರುವ ಹೊಲಿಗೆ ಹುಡುಕು. ಆ ಜಾಗದಲ್ಲಿ ಜಾಸ್ತಿ ಇರುವ ಬಟ್ಟೆಯನ್ನು ಹೆಬ್ಬೆಟ್ಟು, ತೋರುಬೆರಳಲ್ಲಿ ಹಿಡಿದು ಹೊರಗೆ ಎಳೆ, ಆಮೇಲೆ ಬೆನ್ನಿನ ಕಡೆಗೆ ಮಡಚಿ ಮೈಗೆ ಅಂಟಿಸು. ಮುಂದಕ್ಕೆ ಮಡಚಬೇಡ, ಮಡಿಕೆ ಎದುರಿಗೇ ಕಾಣುತ್ತದೆ. ಎರಡೂ ಕಡೆ ಮೊಣಕೈಯಿಂದ ಒತ್ತಿಕೊಂಡೇ ಹುಕ್ಕು, ಜಿಪ್ಪು, ಬೆಲ್ಟು. ಮೊದಲ ಮೂರು ದಿನ ಕೈ ಸಾಲದು ಅನಿಸುತ್ತದೆ, ನಾಲ್ಕನೇ ದಿನಕ್ಕೆ ತಾನಾಗಿ ಬರುತ್ತದೆ.

ಇನ್ನೊಂದು ಮುಖ್ಯ. ಬೆಲ್ಟು ಹಾಕಿದ ಮೇಲೆ ಎರಡೂ ಕೈ ತಲೆ ಮೇಲೆ ಎತ್ತಿ ಇಳಿಸು. ಆಗ ಅರ್ಧ ಇಂಚಿನಷ್ಟು ಶರ್ಟು ಮೇಲೆ ಬರುತ್ತದೆ, ಅದನ್ನು ಹಾಗೇ ಬಿಡು. ಪೂರ್ತಿ ಬಿಗಿಯಾಗಿ ಎಳೆದುಕೊಂಡರೆ ಕೈ ಎತ್ತಿದ ತಕ್ಷಣ ಒಂದೇ ಕಡೆ ಕಿತ್ತು ಬರುತ್ತದೆ.

ಕತ್ತರಿ_ಇಂಚುಟೇಪು

ಮೇಲಿನವರು ಹೇಳಿದ ಮಡಿಕೆ ಸರಿಯಾಗಿದೆ, ಆದರೆ ಅದು ಅರ್ಧ ಮಾತ್ರ. ನಾನು ತುಮಕೂರಿನಲ್ಲಿ 26 ವರ್ಷದಿಂದ ಹೊಲಿಯುತ್ತಿದ್ದೇನೆ. ನಿನ್ನ ಕೈಯಲ್ಲಿ ತಪ್ಪಿಲ್ಲಪ್ಪ, ಶರ್ಟಿನ ಕಟಿಂಗಿನಲ್ಲಿ ಇದೆ.

ಮೊದಲು ಕಂಕುಳು ನೋಡು. ರೆಡಿಮೇಡ್ ಶರ್ಟು ಎಂಥ ಮೈಗೂ ಹಿಡಿಸಲಿ ಅಂತ ಕಂಕುಳನ್ನು ಕೆಳಗೆ ಇಳಿಸಿ ಕತ್ತರಿಸಿರುತ್ತಾರೆ. ಹಾಗಿದ್ದಾಗ ನೀನು ರೈಲಿನಲ್ಲಿ ಕೈ ಎತ್ತಿದರೆ ತೋಳಿನ ಜೊತೆ ಶರ್ಟಿನ ಇಡೀ ಪಕ್ಕವೇ ಮೇಲಕ್ಕೆ ಏಳುತ್ತದೆ. ಕಂಕುಳು ಮೇಲಿದ್ದು ಮೈಗೆ ಹತ್ತಿರ ಇದ್ದರೆ ತೋಳು ಮಾತ್ರ ಏಳುತ್ತದೆ, ಕೆಳಗಿನ ಭಾಗ ಅಲ್ಲಾಡುವುದಿಲ್ಲ. ಬಹಳ ಜನ ಇದನ್ನು ಉಲ್ಟಾ ತಿಳಿದಿದ್ದಾರೆ, ಕಂಕುಳು ಲೂಸಾಗಿದ್ದರೆ ಕೈ ಆರಾಮಾಗಿ ಆಡುತ್ತದೆ ಅಂತ. ಅಂಗಡಿಗೆ ಬಂದವರಿಗೆಲ್ಲ ಕೈ ಎತ್ತಿಸಿ ತೋರಿಸುತ್ತೇನೆ. ಹೊಲಿದು ಮುಗಿದ ಶರ್ಟಿನಲ್ಲಿ ಕಂಕುಳು ಸರಿ ಮಾಡುವುದು ಕಷ್ಟ, ಕೊಳ್ಳುವಾಗಲೇ ಹಾಕಿಕೊಂಡು ಕೈ ಎತ್ತಿ ನೋಡು.

ಆಮೇಲೆ ಉದ್ದ. ಇನ್‌ಶರ್ಟ್ ಮಾಡುವ ಶರ್ಟು ಹಿಂದೆ ಕುಂಡಿ ಮುಚ್ಚುವಷ್ಟು ಇಳಿಯಬೇಕು. ನಿನ್ನ ಎತ್ತರಕ್ಕೆ ನಾನಾದರೆ 30 ಇಂಚು ಇಡುತ್ತೇನೆ. ಕೆಳಗಿನ ಅಂಚು ನೇರವಾಗಿ ಕತ್ತರಿಸಿದ ಗಿಡ್ಡ ಶರ್ಟು ಹೊರಗೆ ಬಿಡೋಕೆ ಅಂತಲೇ ಮಾಡಿದ್ದು, ಅದನ್ನು ಒಳಗೆ ಹಾಕಿದರೆ ನಿಲ್ಲುವುದಿಲ್ಲ. ಹಿಂದೆ ಮುಂದೆ ದುಂಡಗೆ ಇಳಿದು ಪಕ್ಕದಲ್ಲಿ ಮೇಲೇರಿದ ಅಂಚು ಇರುತ್ತದಲ್ವಾ, ಅದು ಒಳಗೆ ಹಾಕುವ ಶರ್ಟು. ಪಕ್ಕದಲ್ಲಿ ಬಟ್ಟೆ ಗುಪ್ಪೆಯಾಗದೆ ಇರಲಿ ಅಂತ ಆ ಆಕಾರ.

ಸಣ್ಣ ಮೈ ಅಂದೆ, 40 ಸೈಜ್ ಅಂದೆ. ಭುಜದ ಹೊಲಿಗೆ ಭುಜದ ಮೂಳೆ ಮೇಲೆ ಕೂರುತ್ತದಾ ನೋಡು. ಅದು ಕೆಳಗೆ ಜಾರಿದ್ದರೆ ಶರ್ಟೇ ದೊಡ್ಡದು, 38 ತಗೋ. ಭುಜ ಸರಿ ಇದ್ದು ಸೊಂಟದಲ್ಲಿ ಮಾತ್ರ ಲೂಸಿದ್ದರೆ ಬೆನ್ನಿಗೆ ಎರಡು ಡಾರ್ಟ್ ಹಿಡಿಸು, ಅಂದರೆ ಜಾಸ್ತಿ ಬಟ್ಟೆಯನ್ನು ಒಳಗೆ ಮಡಚಿ ಹಾಕುವ ಉದ್ದ ಹೊಲಿಗೆ. ಒಂದೊಂದು ಅರ್ಧ ಇಂಚು ಆಳ ಹಿಡಿದರೆ ಬಟ್ಟೆ ಎರಡು ಪದರ ಅಲ್ವಾ, ಹಾಗಾಗಿ ಸುತ್ತಳತೆಯಲ್ಲಿ ಒಟ್ಟು ಎರಡು ಇಂಚು ಕಡಿಮೆಯಾಗುತ್ತದೆ. ಬೆನ್ನ ಹಿಂದೆ ಉಬ್ಬುವುದು ಅಷ್ಟಕ್ಕೇ ನಿಂತುಬಿಡುತ್ತದೆ. ಆಲ್ಟ್ರೇಷನ್ ಮಾಡುವ ಯಾರಾದರೂ ಹಿಡಿದುಕೊಡುತ್ತಾರೆ.

ಇನ್ನು ಪ್ಯಾಂಟು. ಸೊಂಟದ ಮೂಳೆಗಿಂತ ಕೆಳಗೆ ನಿಲ್ಲುವ ಲೋ ವೇಸ್ಟ್ ಪ್ಯಾಂಟಿನಲ್ಲಿ ದೇವರು ಬಂದರೂ ಇನ್‌ಶರ್ಟ್ ನಿಲ್ಲದು. ಹೊಕ್ಕುಳಿಗಿಂತ ಸ್ವಲ್ಪವೇ ಕೆಳಗೆ ಕೂರುವ ಪ್ಯಾಂಟು ಹಾಕು. ಹೊಲಿಸುವುದಾದರೆ ಸೊಂಟದ ಪಟ್ಟಿ ಒಳಗೆ ರಬ್ಬರ್ ಗೆರೆ ಇರುವ ಟೇಪ್ ಹಾಕಿಸು, ಶರ್ಟನ್ನು ಅದು ಹಿಡಿದುಕೊಳ್ಳುತ್ತದೆ. ಬೆಲ್ಟು ಇರುವುದು ಪ್ಯಾಂಟಿಗೆ, ಶರ್ಟಿಗಲ್ಲ. ಹೊಟ್ಟೆ ನೋಯುವಷ್ಟು ಬಿಗಿ ಮಾಡಬೇಡ.

ಶಿರಾಗೇಟ್_ಅಕ್ಕ

ಒಳಗೆ ಬನಿಯನ್ ಹಾಕುತ್ತೀಯೇನಪ್ಪ? ನನ್ನ ಇಬ್ಬರು ಮಕ್ಕಳಿಗೂ ಇದೇ ಹೇಳಿಕೊಟ್ಟಿದ್ದೇನೆ. ಕಾಟನ್ ಬನಿಯನ್ ಹಾಕಿ ಅದನ್ನು ಚಡ್ಡಿ ಒಳಗೆ ಸೇರಿಸಬೇಕು, ಶರ್ಟು ಅದರ ಮೇಲೆ ಇಳಿಯಬೇಕು. ಹತ್ತಿ ಮೇಲೆ ಹತ್ತಿ ಅಷ್ಟು ಸುಲಭಕ್ಕೆ ಜಾರುವುದಿಲ್ಲ. ನುಣುಪಾದ ಬನಿಯನ್ ಇದ್ದರೆ ಜಾರುತ್ತದೆ. ಕೆಲವರು ಶರ್ಟನ್ನೇ ಚಡ್ಡಿ ಒಳಗೆ ಹಾಕುತ್ತಾರೆ, ಅದು ಬೇಡ. ಬಗ್ಗಿದಾಗ ಹಿಂದೆ ಇಲಾಸ್ಟಿಕ್ ಕಾಣುತ್ತದೆ.

ಮತ್ತೆ ಇಸ್ತ್ರಿ ಮಾಡುವಾಗ ಕೆಳಗಿನ ಅಂಚನ್ನು ಬಿಟ್ಟುಬಿಡುತ್ತಾರೆ, ಒಳಗೆ ಹೋಗುವುದಲ್ವಾ ಅಂತ. ಅಲ್ಲಿ ಸುಕ್ಕಿದ್ದರೆ ಒಳಗೆ ಗಂಟು ಗಂಟಾಗಿ ಪ್ಯಾಂಟಿನ ಮೇಲೆ ಎದ್ದು ಕಾಣುತ್ತದೆ. ಅದನ್ನೂ ತೀಡಿ ಹಾಕಿಕೋ.

ಎನ್‌ಸಿಸಿ_ನೆನಪು

ನಮಗೆ ಕ್ಯಾಂಪಿನಲ್ಲಿ ಹೇಳಿಕೊಟ್ಟಿದ್ದು ಒಂದು ಗೆರೆ. ಶರ್ಟಿನ ಗುಂಡಿ ಪಟ್ಟಿಯ ಅಂಚು, ಬಕಲ್‌ನ ಅಂಚು, ಪ್ಯಾಂಟಿನ ಜಿಪ್ಪು ಮುಚ್ಚುವ ಪಟ್ಟಿ, ಮೂರೂ ಮೇಲಿಂದ ಕೆಳಗೆ ನೇರ ಇರಬೇಕು. ಇದು ಸರಿ ಇದ್ದರೆ ಪಕ್ಕದಲ್ಲಿ ಸ್ವಲ್ಪ ಉಬ್ಬಿದ್ದರೂ ನೋಡುವವರಿಗೆ ನೀಟಾಗೇ ಕಾಣುತ್ತದೆ. ಶರ್ಟಿನ ಅಂಚಿಗೂ ಕಾಲುಚೀಲಕ್ಕೂ ಕ್ಲಿಪ್ ಹಾಕುವ ಇಲಾಸ್ಟಿಕ್ ಪಟ್ಟಿಯೂ ಸಿಗುತ್ತದೆ, ಶರ್ಟ್ ಸ್ಟೇ ಅಂತ. ಯೂನಿಫಾರ್ಮ್ ಹಾಕುವವರು ಬಳಸುತ್ತಾರೆ. ಪರೇಡ್‌ಗೆ ಸರಿ, ದಿನಾ ರೈಲು ಹತ್ತಿ ಇಳಿಯುವವರಿಗೆ ಕಾಲು ಎಳೆಯುತ್ತದೆ, ನಾನು ಹೇಳುವುದಿಲ್ಲ.

ರೈಲಿನಲ್ಲಿ ಬ್ಯಾಗು ಬೆನ್ನಿಗೆ ಹಾಕಬೇಡ. ಅದು ಉಜ್ಜಿ ಉಜ್ಜಿಯೇ ಹಿಂದಿನ ಶರ್ಟು ಮೇಲೆ ಬರುವುದು.

ಕ್ಯಾತ್ಸಂದ್ರ_ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ವಾರ ಮಾಡಿ ನೋಡಿ ಬರೆಯುತ್ತಿದ್ದೇನೆ. ಭುಜದ ಹೊಲಿಗೆ ಒಂದು ಇಂಚು ಕೆಳಗಿತ್ತು, ಅಂದರೆ ಶರ್ಟೇ ದೊಡ್ಡದು. ಹೊಸದು ತಗೊಳ್ಳುವವರೆಗೆ ಇರಲಿ ಅಂತ ಎರಡಕ್ಕೆ ಡಾರ್ಟ್ ಹಿಡಿಸಿದೆ. ಅಕ್ಕ ಹೇಳಿದ ಹಾಗೆ ಬನಿಯನ್, ಅಣ್ಣ ಹೇಳಿದ ಮಡಿಕೆ. ಬ್ಯಾಗು ಮುಂದೆ ಹಾಕಿ, ಮೇಲಿನ ಕಂಬಿ ಬಿಟ್ಟು ಬಾಗಿಲ ಹತ್ತಿರದ ನೆಟ್ಟಗಿನ ಕಂಬಿ ಹಿಡಿದೆ. ನಿನ್ನೆ ಇಳಿದಾಗ ಹಿಂದೆ ಕೈ ಆಡಿಸಿದರೆ ಶರ್ಟು ಬೆಳಿಗ್ಗೆ ಇದ್ದ ಹಾಗೇ ಇತ್ತು. ನನಗೆ ಆದ ಖುಷಿ ಹೇಳೋಕೆ ಆಗದು.

ಟೈಲರಣ್ಣ, ಸಂಬಳ ಬಂದ ಮೇಲೆ ಒಂದು ಜೊತೆ ಹೊಲಿಸಬೇಕು ಅಂತಿದ್ದೇನೆ. ಬಟ್ಟೆ ಎಷ್ಟು ತರಬೇಕು?

ಕತ್ತರಿ_ಇಂಚುಟೇಪು

ಪನ್ನಾ, ಅಂದರೆ ಬಟ್ಟೆಯ ಅಗಲ, 58 ಇಂಚು ಇದ್ದರೆ ಫುಲ್ ತೋಳಿನ ಶರ್ಟಿಗೆ 1.60 ಮೀಟರ್, ಪ್ಯಾಂಟಿಗೆ 1.20 ಮೀಟರ್. ಪೂರ್ತಿ ಕಾಟನ್ ಆದರೆ ಸ್ವಲ್ಪ ಜಾಸ್ತಿ ತಗೋ, ಹೊಲಿಯೋಕೆ ಕೊಡುವ ಮುಂಚೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಹಿಂಡದೆ ಒಣಗಿಸು. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಕುಗ್ಗಿ, ಇಟ್ಟ 30 ಇಂಚು 29 ಆಗಿ ಮತ್ತೆ ಕಿತ್ತು ಬರುತ್ತದೆ. ಅಳತೆ ಕೊಡುವಾಗ ದಿನಾ ಹಾಕುವ ಬನಿಯನ್, ಪ್ಯಾಂಟು, ಬೆಲ್ಟು ಹಾಕಿಕೊಂಡೇ ಹೋಗು.