ನ್ಯೂಟ್ರಲ್‌ನಲ್ಲಿ ಗುಂಯ್ ಸದ್ದು: ಗೇರ್‌ಬಾಕ್ಸ್ ಬೇರಿಂಗಾ, ಕ್ಲಚ್ಚಾ?

ಪ್ರಶ್ನೆ (ತುಮಕೂರು): 2012ರ ಸ್ವಿಫ್ಟ್ ಡೀಸೆಲ್, 1,40,000 ಕಿ.ಮೀ. ಓಡಿದೆ. ನ್ಯೂಟ್ರಲ್‌ನಲ್ಲಿ ನಿಂತಾಗ ಗುಂಯ್ ಅನ್ನುತ್ತೆ, ಕ್ಲಚ್ ಒತ್ತಿದರೆ ನಿಲ್ಲುತ್ತೆ. ಮೆಕ್ಯಾನಿಕ್ ಕ್ಲಚ್ ಸೆಟ್ ಬದಲಿಸಿ ಅಂತಿದ್ದಾರೆ. ಅನುಭವ ಇದ್ದವರು ಹೇಳಿ.

ಹಾಸನದ ಬೊಲೆರೊ: ಒಪ್ಪಬೇಡಿ! ನನಗೂ ಹೀಗೇ ಹೇಳಿ ಕ್ಲಚ್ ಸೆಟ್‌ಗೆ 9,400, ಲೇಬರ್ 4,500 ತಗೊಂಡ್ರು. ಸದ್ದು ಹಾಗೇ ಇತ್ತು. ಮತ್ತೆ ಗೇರ್‌ಬಾಕ್ಸ್ ಇಳಿಸೋಕೆ ಇನ್ನೊಂದು 4,500, ಆಯಿಲ್ ಸೀಲ್ 380, ಆಯಿಲ್ ಬೇರೆ. ಮೂರನೇ ಗೇರಲ್ಲಿ ಊಳಿಡುತ್ತೆ, ನಾಲ್ಕಕ್ಕೆ ಹಾಕಿದ್ರೆ ತಣ್ಣಗಾಗುತ್ತೆ ಅಂತ ಬಾಯಿಬಿಟ್ಟು ಹೇಳಿದ್ದೆ. ನನ್ನ ಬೊಲೆರೊದಲ್ಲಿ ನಾಲ್ಕನೇದು ಡೈರೆಕ್ಟ್, ಅಂದ್ರೆ ಎಂಜಿನ್ ತಿರುಗು ನೇರವಾಗಿ ಹೊರಗೆ ಹೋಗುತ್ತೆ, ಕೆಳಗಿನ ಶಾಫ್ಟಿಗೆ ಭಾರ ಬೀಳಲ್ಲ. ಹೋಗಿದ್ದು ಅದರ ಬೇರಿಂಗೇ. ಕೇಳೋ ವ್ಯವಧಾನ ಯಾವ ಮೆಕ್ಯಾನಿಕ್‌ಗಿದೆ?

ಹುಬ್ಬಳ್ಳಿ ಗ್ಯಾರೇಜ್: ಎಲ್ಲಾ ಮೆಕ್ಯಾನಿಕ್‌ಗಳನ್ನ ಒಂದ ತಕ್ಕಡಿಗೆ ಹಾಕಬ್ಯಾಡ್ರಿ ಸರ. ಸ್ವಿಫ್ಟ್ ಮುಂದಿನ ಗಾಲಿ ಎಳಿಯೂ ಗಾಡಿ, ಅದರಾಗ ಡೈರೆಕ್ಟ್ ಗೇರ್ ಇಲ್ಲ, ನಿಮ್ಮ ನಾಲ್ಕನೇ ಗೇರಿನ ಲೆಕ್ಕ ಅಲ್ಲಿ ನಡಿಯೂದಿಲ್ಲ. ಕ್ಲಚ್ ಒತ್ತಿದ್ರ ಎಂಜಿನ್ ತಿರುಗು ಗೇರ್‌ಬಾಕ್ಸಿಗೆ ತರೂ ಇನ್‌ಪುಟ್ ಶಾಫ್ಟ್ ನಿಲ್ಲತೈತಿ, ಅದಕ್ಕ ಸದ್ದೂ ನಿಲ್ಲತೈತಿ. ಅಂದ್ರ ಸಂಶಯ ಗೇರ್‌ಬಾಕ್ಸ್ ಬೇರಿಂಗ್ ಮ್ಯಾಲೆ. ಕ್ಲಚ್ ಬಿಡಿಸೂ ರಿಲೀಸ್ ಬೇರಿಂಗ್ ಹೋಗಿದ್ರ ಒತ್ತಿದಾಗ ಸದ್ದು ಬರತಿತ್ತು. ಮೊದಲ ಆಯಿಲ್ ಇಳಿಸಿ, ಡ್ರೇನ್ ಬೋಲ್ಟಿನ ಮ್ಯಾಗ್ನೆಟ್ ಮ್ಯಾಲಿಂದು ಬೆರಳಾಗ ತಿಕ್ಕಿ ನೋಡ್ರಿ. ನುಣ್ಣಗ ಮಸಿ ಹಂಗ ಇದ್ರ ಚಿಂತಿಲ್ಲ. ಚುಚ್ಚೂ ಉಕ್ಕಿನ ಚೂರು ಸಿಕ್ರ ಬಾಕ್ಸ್ ಬಿಚ್ಚಲೇಬೇಕು. ಹಿತ್ತಾಳಿ ಪುಡಿ ಮ್ಯಾಗ್ನೆಟ್‌ಗೆ ಅಂಟೂದಿಲ್ಲ, ಆಯಿಲ್‌ನಾಗ ಮಿಂಚತೈತಿ. ಅದು ಗೇರ್ ಸಲೀಸಾಗಿ ಬೀಳಾಕ ಇರೂ ಸಿಂಕ್ರೋ ರಿಂಗಿಂದು.

ಪುತ್ತೂರು: ನನ್ನ ಕಾರಿನ ಗೇರ್‌ಬಾಕ್ಸ್ ಸುಮ್ಮನೆ ಬಿಚ್ಚಿಸಿ 21,600 ರೂಪಾಯಿ ನೀರಿಗೆ ಹಾಕಿಸಿದರು ಮಾರಾಯ್ರೆ. ಶಿರಾಡಿ ಘಾಟಿಯಲ್ಲಿ ಎಡಕ್ಕೆ ತಿರುಗಿಸಿದಾಗಲೆಲ್ಲ ಸದ್ದು ಜೋರಾಗ್ತಿತ್ತು, ನ್ಯೂಟ್ರಲ್‌ನಲ್ಲಿ ಉರುಳಿದರೂ ಬರ್ತಿತ್ತು. ಬಲಗಡೆಯ ವೀಲ್ ಬೇರಿಂಗ್! ಬೇರಿಂಗಿಗೆ 1,450, ಪ್ರೆಸ್ ಮಾಡಿಸಲಿಕ್ಕೆ 600. ಮುಗಿಯಿತು.

ಹಾಸನದ ಬೊಲೆರೊ: ಅವರದು ನಿಂತಲ್ಲೇ ಬರೋ ಸದ್ದು. ವೀಲ್ ಬೇರಿಂಗ್ ಎಲ್ಲಿಂದ ಬಂತು?

ಪುತ್ತೂರು: ಅನುಭವ ಕೇಳಿದ್ದಾರೆ, ಹೇಳಿದೆ. ನಿಮ್ಮ ಬೊಲೆರೊ ಕತೆ ಮಾತ್ರ ಸ್ವಿಫ್ಟಿಗೆ ಹೊಂದುತ್ತದಾ?

ಬೆಂಗಳೂರು: ಗೇರ್‌ಬಾಕ್ಸ್ ಬಿಚ್ಚೋದಾದ್ರೆ ಜೆ.ಸಿ. ರಸ್ತೆಯಲ್ಲಿ ಬೇರಿಂಗ್ ತಗೊಳ್ಳಿ. ಹಳೇದರ ಮೇಲಿನ ನಂಬರ್ ತೋರಿಸಿದ್ರೆ ಸಾಕು. ನನಗೆ ಅರ್ಧಕ್ಕರ್ಧ ಉಳೀತು.

ಹುಬ್ಬಳ್ಳಿ ಗ್ಯಾರೇಜ್: ಬರೇ ನಂಬರ್ ಸಾಲೂದಿಲ್ಲರಿ. 6305 ಅಂದ್ರ ಒಳಗ 25, ಹೊರಗ 62, ಅಗಲ 17 ಮಿ.ಮೀ. ಅಷ್ಟ. ಮುಂದ ಸಿ3 ಅಂತ ಇದ್ರ ಒಳಗಿನ ಸಡಿಲ ಬ್ಯಾರೆ. ಅದನ್ನ ಬಿಟ್ಟು ತಂದು, ಬಿಸಿ ಆದ ಮ್ಯಾಲೆ ಬಿಗಿದ್ರ ಬೈಸ್ಕೊಳ್ಳೋರು ನಾವು.

ಬೆಂಗಳೂರು: ನಂದು ಇನ್ನೂ ಸದ್ದಿಲ್ಲದೆ ಓಡ್ತಿದೆ ಸ್ವಾಮಿ. ಡಬ್ಬಿ ಮೇಲೂ ಸಿ3 ಇದೆ, ಬೇಕಾದ್ರೆ ಫೋಟೋ ಹಾಕ್ತೀನಿ.

ಹುಬ್ಬಳ್ಳಿ ಗ್ಯಾರೇಜ್: ಡಬ್ಬಿದಲ್ಲ, ಬೇರಿಂಗ್ ಮೈಮ್ಯಾಲಿನ ಫೋಟೋ ಹಾಕ್ರಿ.