ಮರಿ ಇಲಿಗೂ ದೊಡ್ಡ ಇಲಿಗೂ ಫಿಟ್ಸ್ ಒಂದೇ ಥರ ಬರುತ್ತಾ?

ಪ್ರಶ್ನೆ (ಎಂ.ಫಾರ್ಮ್ ವಿದ್ಯಾರ್ಥಿನಿ, ದಾವಣಗೆರೆ): ನಮಸ್ತೆ ಮೇಡಂ. ಪ್ರಾಜೆಕ್ಟ್‌ಗೆ ಫಿಟ್ಸ್ ವಿಷಯ ತಗೊಂಡಿದ್ದೇನೆ. ಒಂದು ವಿಡಿಯೊದಲ್ಲಿ ಫಿಟ್ಸ್ ತರಿಸುವ ಪೆಂಟಿಲೀನ್‌ಟೆಟ್ರಜೋಲ್ ಎಂಬ ರಾಸಾಯನಿಕ ಕೊಟ್ಟ ದೊಡ್ಡ ಇಲಿಗೆ ಮೊದಲು ಮುಖ, ಮುಂಗಾಲು ಅದುರಿದವು. 12 ದಿನದ ಮರಿ ಮಾತ್ರ ಸೀದಾ ಸೆಟೆದುಕೊಂಡಿತು. ಡೋಸ್ ತೂಕಕ್ಕೆ ತಕ್ಕಂತೆಯೇ ಇತ್ತು. ಮತ್ತೆ ಯಾಕೆ ಹೀಗೆ?

ಉತ್ತರ (ಫಾರ್ಮಕಾಲಜಿ ಉಪನ್ಯಾಸಕಿ): ಯಾರದೂ ತಪ್ಪಿಲ್ಲಮ್ಮ. ತೂಕ ಸರಿ ಮಾಡಿದರೆ ವಯಸ್ಸು ಸರಿಹೋಗುವುದಿಲ್ಲ. ಮರಿ ಅಂದರೆ ಸಣ್ಣ ಸೈಜಿನ ದೊಡ್ಡ ಇಲಿ ಅಲ್ಲ. 12 ದಿನಕ್ಕೆ ಅದು ಇನ್ನೂ ಕಣ್ಣೇ ಬಿಟ್ಟಿರುವುದಿಲ್ಲ. ಮುಖ, ಮುಂಗಾಲು ಅದುರುವ ಫಿಟ್ಸ್ ಚೆನ್ನಾಗಿ ಕಾಣುವುದು ಮೂರನೇ ವಾರದಿಂದ.

ಫಿಟ್ಸ್ ತರಿಸುವ ಇನ್ನೊಂದು ರಾಸಾಯನಿಕ ಕೈನಿಕ್ ಆಮ್ಲದಲ್ಲೂ ಹೀಗೇ. ದೊಡ್ಡ ಇಲಿ ಮಳೆಯಲ್ಲಿ ನೆಂದ ನಾಯಿಯಂತೆ ಮೈ ಒದರುತ್ತದೆ. ಎಳೆಮರಿ ಒದರುವುದಿಲ್ಲ, ಒಂದೇ ಸಮನೆ ಮೈ ಕೆರೆದುಕೊಳ್ಳುತ್ತದೆ. ಹಾಗಾಗಿ ದೊಡ್ಡ ಇಲಿಯ ಸ್ಕೋರ್ ಪಟ್ಟಿ ಹಿಡಿದು ಮರಿಗೆ ಅಂಕ ಕೊಡಬೇಡ. ಫಿಟ್ಸ್ ಬಂದಿದ್ದರೂ ನಿನ್ನ ಹಾಳೆಯಲ್ಲಿ ಸೊನ್ನೆ ಬೀಳುತ್ತದೆ.

ಇದಕ್ಕೆ ಒಂದು ಕಾರಣ ಗಾಬಾ, ಅಂದರೆ ನರಕೋಶಗಳ ನಡುವೆ ಸುದ್ದಿ ಒಯ್ಯುವ ಒಂದು ರಾಸಾಯನಿಕ. ದೊಡ್ಡ ಮಿದುಳಿನಲ್ಲಿ ಅದು ಬ್ರೇಕ್. ಎಳೆ ನರಕೋಶದ ಒಳಗೆ ಕ್ಲೋರೈಡ್ ಜಾಸ್ತಿ ಇರುತ್ತದೆ, ಅದನ್ನು ಹೊರಹಾಕುವ ಕೆಸಿಸಿ2 ಪಂಪ್ ಇನ್ನೂ ಕಡಿಮೆ. ಗಾಬಾ ಬಾಗಿಲು ತೆರೆದಾಗ ಕ್ಲೋರೈಡ್ ಹೊರಗೆ ನುಗ್ಗುತ್ತದೆ, ಕೋಶ ತಣ್ಣಗಾಗುವ ಬದಲು ಕೆರಳಬಹುದು. ಇಲಿಯಲ್ಲಿ ಇದು ಸರಿಸುಮಾರು ಎರಡನೇ ವಾರದ ಹೊತ್ತಿಗೆ ಬದಲಾಗುತ್ತದೆ.

ನನ್ನನ್ನು ಇಂದಿಗೂ ಬೆರಗುಗೊಳಿಸುವುದು ಇನ್ನೊಂದು. ಕೈನಿಕ್ ಆಮ್ಲ ಸ್ವಲ್ಪ ಕೊಟ್ಟರೂ ಮರಿಗೆ ಜೋರು ಫಿಟ್ಸ್ ಬರುತ್ತದೆ, ಸಾಯುವುದೂ ಉಂಟು. ಆದರೆ ಬದುಕಿದ ಮರಿಯ ಹಿಪೊಕ್ಯಾಂಪಸ್‌ನಲ್ಲಿ (ಮಿದುಳಿನಲ್ಲಿ ನೆನಪಿಗೆ ಮುಖ್ಯವಾದ ಭಾಗ) ಕೋಶಗಳು ಸಾಯುವುದು ದೊಡ್ಡ ಇಲಿಗಿಂತ ಎಷ್ಟೋ ಕಡಿಮೆ. ಹಾಗಂತ ಏನೂ ಆಗಿಲ್ಲ ಅಂತ ಬರೆಯಬೇಡ. ಕೋಶ ಸಾಯದಿದ್ದರೂ ಮುಂದೆ ಕಲಿಕೆ, ನೆನಪು ಕುಗ್ಗಬಹುದು.

ನೀನು ಮಾಡುವಾಗ ಹುಟ್ಟಿದ ದಿನ ಸರಿಯಾಗಿ ಬರೆದಿಡು. ಒಂದೇ ತಾಯಿಯ ಮರಿಗಳನ್ನೆಲ್ಲ ಒಂದೇ ಗುಂಪಿಗೆ ಹಾಕಬೇಡ. ವಯಸ್ಸು ಬದಲಿಸುವುದಾದರೆ ಮೊದಲು ನೈತಿಕ ಸಮಿತಿಯ ಒಪ್ಪಿಗೆ ತಗೋ.

ಪ್ರಶ್ನೆ (ಹೊಳಲ್ಕೆರೆಯಿಂದ ಒಬ್ಬ ತಾಯಿ): ನಡುವೆ ಕೇಳ್ತಿದ್ದೀನಿ, ಬೇಜಾರಾಗಬೇಡಿ ಮೇಡಂ. ಮಗುವಿಗೆ 8 ತಿಂಗಳು. ಶೀತ ಆದರೆ ನಮ್ಮತ್ತೆ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ಎದೆಗೆ ಹಚ್ಚುತ್ತಾರೆ. ಕರ್ಪೂರದಿಂದಲೂ ಫಿಟ್ಸ್ ಬರುತ್ತೆ ಅಂತಾರೆ, ನಿಜವಾ?

ಉತ್ತರ: ನಿಜ ಕಣಮ್ಮ, ಕೇಳಿದ್ದು ಒಳ್ಳೆಯದಾಯಿತು. 1934ರಲ್ಲಿ ಮೆಡುನಾ ಎಂಬ ಹಂಗೆರಿಯ ವೈದ್ಯರು ಮಾನಸಿಕ ರೋಗಿಗಳಿಗೆ ಬೇಕೆಂದೇ ಫಿಟ್ಸ್ ತರಿಸಲು ಮೊದಲು ಬಳಸಿದ್ದು ಕರ್ಪೂರವನ್ನೇ. ಆಮೇಲೆ ಮೇಲೆ ಹೇಳಿದ ಪೆಂಟಿಲೀನ್‌ಟೆಟ್ರಜೋಲ್‌ಗೆ ಬದಲಾದರು. ಎಳೆ ಮಗುವಿನ ಚರ್ಮದಿಂದಲೂ ಕರ್ಪೂರ ಒಳಗೆ ಹೋಗುತ್ತದೆ, ಜೊತೆಗೆ ಮಗು ಎದೆ ಸವರಿದ ಕೈಯನ್ನೇ ಬಾಯಿಗಿಡುತ್ತದೆ. ಹಚ್ಚುವುದನ್ನು ಇವತ್ತೇ ನಿಲ್ಲಿಸಿ. ಅತ್ತೆಗೆ ಬೈಯಬೇಡಿ, ಪ್ರೀತಿಯಿಂದಲೇ ಹಚ್ಚಿದ್ದಾರೆ. ದೇವರ ಮುಂದಿನ ಕರ್ಪೂರದ ಡಬ್ಬಿ ಎತ್ತರದಲ್ಲಿಡಿ. ಮಗು ಚೂರು ನುಂಗಿದರೂ ವಾಂತಿ ಮಾಡಿಸಲು ಹೋಗಬೇಡಿ, ಡಬ್ಬಿ ಸಮೇತ ತಕ್ಷಣ ಆಸ್ಪತ್ರೆಗೆ ಹೊರಡಿ.