2024 ವೈಆರ್4: ಡಿಕ್ಕಿಯ ಸಂಭವ ಏರಿ ಇಳಿದದ್ದೇಕೆ?

ಪ್ರಶ್ನೆ: 2024ರ ಡಿಸೆಂಬರ್ 27ರಂದು ಚಿಲಿಯ ಅಟ್ಲಾಸ್ ದೂರದರ್ಶಕ ಪತ್ತೆಹಚ್ಚಿದ ಈ ಕ್ಷುದ್ರಗ್ರಹವು 2032ರಲ್ಲಿ ಭೂಮಿಗೆ ಬಡಿಯುವ ಸಂಭವವು 2025ರ ಫೆಬ್ರವರಿಯಲ್ಲಿ ಶೇ. 3.1ಕ್ಕೆ ಏರಿ, ಕೆಲವೇ ದಿನಗಳಲ್ಲಿ ಸೊನ್ನೆಯ ಸಮೀಪಕ್ಕೆ ಕುಸಿಯಿತು. ಮೊದಲ ಲೆಕ್ಕ ತಪ್ಪಾಗಿತ್ತೇ?

ಉತ್ತರ: ತಪ್ಪಾಗಿರಲಿಲ್ಲ ಸರ್. ಕೆಲವು ವಾರಗಳ ವೀಕ್ಷಣೆಯೆಂದರೆ ಸುಮಾರು ನಾಲ್ಕು ವರ್ಷಗಳ ಕಕ್ಷೆಯ ಚಿಕ್ಕ ತುಣುಕಷ್ಟೇ. ಹಾಗಾಗಿ 2032ರಲ್ಲಿ ಅದು ಇರಬಹುದಾದ ಸ್ಥಾನಗಳು ಉದ್ದನೆಯ ಪಟ್ಟಿಯಂತೆ ಹರಡಿರುತ್ತವೆ. ಹೊಸ ಅಳತೆಗಳು ಸೇರಿದಂತೆಲ್ಲ ಪಟ್ಟಿ ಕುಗ್ಗುತ್ತದೆ. ಭೂಮಿ ಇನ್ನೂ ಅದರೊಳಗೇ ಇದ್ದರೆ, ಕುಗ್ಗಿದ ಪಟ್ಟಿಯಲ್ಲಿ ಭೂಮಿಯ ಪಾಲು ಹೆಚ್ಚಿ ಸಂಭವವೂ ಏರುತ್ತದೆ. ಭೂಮಿ ಪಟ್ಟಿಯಿಂದ ಹೊರಬಿದ್ದೊಡನೆ ಸಂಭವ ಕುಸಿಯುತ್ತದೆ.

ಮತ್ತೊಂದು ಉತ್ತರ: ಗಾತ್ರದ ಅಂದಾಜೂ ಹೀಗೆಯೇ ಬಿಗಿಯಾಯಿತು. ಪ್ರತಿಫಲಿತ ಬೆಳಕಿನಿಂದ 40ರಿಂದ 90 ಮೀಟರ್ ಎಂದಷ್ಟೇ ಹೇಳಬಹುದಿತ್ತು. ಬಾಹ್ಯಾಕಾಶದಲ್ಲಿರುವ ಜೇಮ್ಸ್ ವೆಬ್ ದೂರದರ್ಶಕವು ಕ್ಷುದ್ರಗ್ರಹದ ಶಾಖವನ್ನು ಅಳೆದ ಮೇಲೆ ಸುಮಾರು 60 ಮೀಟರ್ ಎಂದಾಯಿತು.